300 ಕಿಲೋಮೀಟರ್ ಅಂದ್ರೆ ಯಾವ 300?

ಕಳೆದ ತಿಂಗಳು ಅಮ್ಮನನ್ನು ಕರೆದುಕೊಂಡು ದೂರದ ಊರಿಗೆ ಹೋಗಬೇಕಿತ್ತು. ಎರಡೂ ಕಡೆ ಸಣ್ಣ ವಿಮಾನ ನಿಲ್ದಾಣ ಇದೆ. ದೂರ ಲೆಕ್ಕ ಹಾಕುವ ವೆಬ್‌ಸೈಟಿನಲ್ಲಿ ನೋಡಿದೆ. ಆಕಾಶದಲ್ಲಿ 300 ಕಿಲೋಮೀಟರ್, ರಸ್ತೆಯಲ್ಲಿ 410 ಅಂತ ಬಂತು. ಖುಷಿಯಿಂದ ಟಿಕೆಟ್ ಹುಡುಕಲು ಕೂತರೆ ಆ ಎರಡು ಊರುಗಳ ನಡುವೆ ನೇರ ವಿಮಾನವೇ ಇಲ್ಲ!

ಹಾಗಂತ 300 ಅನ್ನೋದು ತಪ್ಪಲ್ಲ. ಎರಡು ನಿಲ್ದಾಣಗಳ ಅಕ್ಷಾಂಶ, ರೇಖಾಂಶ ತೆಗೆದುಕೊಂಡು, ಭೂಮಿಯ ಮೈಮೇಲೆ ಒಂದು ದಾರವನ್ನು ಬಿಗಿಯಾಗಿ ಎಳೆದರೆ ಎಷ್ಟು ಉದ್ದ ಆಗುತ್ತದೋ ಅಷ್ಟು. ಆ ದಾರದ ಮೇಲೆ ವಿಮಾನ ಹಾರುತ್ತದಾ ಅಂತ ಲೆಕ್ಕ ಕೇಳುವುದೇ ಇಲ್ಲ. ಇನ್ನೊಂದು ವಿಷಯ, ಕೆಲವು ಕಡೆ ದೂರವನ್ನು ನಾಟಿಕಲ್ ಮೈಲಿಯಲ್ಲಿ ಕೊಡುತ್ತಾರೆ. ಒಂದು ನಾಟಿಕಲ್ ಮೈಲಿ ಅಂದರೆ 1.852 ಕಿಲೋಮೀಟರ್. ಅದರಲ್ಲಿ 300 ಕಿಲೋಮೀಟರ್ ಬರೀ 162 ಆಗುತ್ತದೆ, ನೋಡಿದವರು ಹತ್ತಿರವೇ ಅಂದುಕೊಳ್ಳುತ್ತಾರೆ.

ಸಣ್ಣ ನಿಲ್ದಾಣದಿಂದ ಹೊರಡುವ ವಿಮಾನ ಹೆಚ್ಚಾಗಿ ದೊಡ್ಡ ಊರಿಗೇ ಹೋಗುತ್ತದೆ. ಎರಡು ಸಣ್ಣ ಊರುಗಳ ನಡುವೆ ದಿನಾ ಎಪ್ಪತ್ತು ಸೀಟು ತುಂಬುವುದು ಸುಲಭ ಅಲ್ಲವಲ್ಲ. ನಮಗೆ ಸಿಕ್ಕ ದಾರಿಯಲ್ಲಿ ಮೊದಲು 280 ಕಿಲೋಮೀಟರ್ ಹಾರಿ ದೊಡ್ಡ ನಿಲ್ದಾಣ ಸೇರಬೇಕು, ಅಲ್ಲಿ ಮೂರು ಗಂಟೆ ಕಾಯಬೇಕು, ಆಮೇಲೆ ಇನ್ನೊಂದು ವಿಮಾನದಲ್ಲಿ 350. ಅಲ್ಲಿಗೆ 630 ಆಯಿತು.

ನೇರ ವಿಮಾನ ಇದ್ದರೂ ಸಮಯ ಬೇರೆಯೇ ಇರುತ್ತದೆ. ಇಂಥ ಕಡೆ ಓಡುವ ಎಟಿಆರ್ 72 ಅನ್ನೋ ಎಪ್ಪತ್ತು ಸೀಟಿನ ಆಸುಪಾಸಿನ ಸಣ್ಣ ವಿಮಾನ ಗಂಟೆಗೆ ಸುಮಾರು 500 ಕಿಲೋಮೀಟರ್ ಹೋಗುತ್ತದೆ, 300ಕ್ಕೆ ಮೂವತ್ತಾರು ನಿಮಿಷ ಸಾಕು ಅನಿಸುತ್ತದೆ. ಆದರೆ ವೇಳಾಪಟ್ಟಿಯಲ್ಲಿ ಒಂದು ಗಂಟೆ ಅಂತ ಇರುತ್ತದೆ. ನಿಂತ ಜಾಗದಿಂದ ಹೊರಟು ಅಲ್ಲಿ ಹೋಗಿ ನಿಲ್ಲುವವರೆಗಿನ ಸಮಯ ಅದು. ವಿಮಾನ ಗಾಳಿಗೆ ಎದುರಾಗಿ ಏರಬೇಕು, ಎದುರಾಗಿಯೇ ಇಳಿಯಬೇಕು. ಹಾಗಾಗಿ ಪೂರ್ವಕ್ಕೆ ಹೋಗಬೇಕಾದದ್ದು ಕೆಲವು ಸಲ ಪಶ್ಚಿಮಕ್ಕೆ ಏರಿ, ಸುತ್ತು ಹಾಕಿ ಆಮೇಲೆ ದಾರಿ ಹಿಡಿಯುತ್ತದೆ.

ಮುಖ್ಯವಾದದ್ದು ಏನಂದ್ರೆ, ಯಾರ ಮನೆಯೂ ನಿಲ್ದಾಣದೊಳಗೆ ಇರುವುದಿಲ್ಲ. ನಮ್ಮ ಮನೆಯಿಂದ ನಿಲ್ದಾಣ 40 ಕಿಲೋಮೀಟರ್, ಅದೂ ಹೋಗಬೇಕಾದ ಊರಿಗೆ ವಿರುದ್ಧ ದಿಕ್ಕಿನಲ್ಲಿ. ಕಾರಿನಲ್ಲಾದರೆ ಆ 40 ಉಳಿಯಿತು, 410 ಇದ್ದದ್ದು ನಮಗೆ 370 ಆಯಿತು.

ನೀರು ಅಡ್ಡ ಬಂದರೆ ಮಾತ್ರ ಈ ಲೆಕ್ಕ ಪೂರ್ತಿ ತಿರುಗಿಬಿಡುತ್ತದೆ. ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪಗಳಲ್ಲಿ ವೆಸ್ಟ್‌ರೇ ಮತ್ತು ಪಾಪಾ ವೆಸ್ಟ್‌ರೇ ಅಂತ ಎರಡು ಪುಟ್ಟ ನಿಲ್ದಾಣ ಇವೆ. ನಡುವೆ ಇರುವುದು ಸುಮಾರು 2.7 ಕಿಲೋಮೀಟರ್. ಎರಡು ನಿಮಿಷದ ಹಾರಾಟ, ಪ್ರಪಂಚದಲ್ಲೇ ಅತಿ ಚಿಕ್ಕ ನಿಗದಿತ ವಿಮಾನ ಸಂಚಾರ ಅದು. ರಸ್ತೆಯ ದೂರ ಎಷ್ಟು ಅಂತ ಕೇಳಿದರೆ ಉತ್ತರವೇ ಇಲ್ಲ, ರಸ್ತೆಯೇ ಇಲ್ಲ. ವಿಮಾನ ಬೇಡವಾದರೆ ದೋಣಿ.

ನಾನು ಒಂದು ಹಾಳೆಯಲ್ಲಿ ಮನೆ ಬಾಗಿಲಿನಿಂದ ಆ ಮನೆಯ ಬಾಗಿಲಿನವರೆಗೆ ಗಂಟೆಗಳನ್ನು ಬರೆದು ಕೂಡಿಸಿದೆ. ವಿಮಾನಕ್ಕೆ ಎಂಟೂವರೆ ಗಂಟೆ, ಕಾರಿಗೆ ಎಂಟು. ಅಮ್ಮನಿಗೆ ಮಂಡಿ ನೋವು, ತುಂಬಾ ಹೊತ್ತು ಕಾಲು ಮಡಚಿ ಕೂರಲು ಆಗುವುದಿಲ್ಲ. ಕಾರಾದರೆ ಬೇಕಾದ ಕಡೆ ನಿಲ್ಲಿಸಬಹುದು, ಅಲ್ವಾ? ಬೆಳಿಗ್ಗೆ ಆರಕ್ಕೆ ಹೊರಟೆವು. ನಾಲ್ಕು ಕಡೆ ನಿಲ್ಲಿಸಿದೆವು. ಎರಡೂವರೆಗೆ ತಲುಪಿದೆವು.