ಸ್ಪ್ಯಾನಿಷ್ ಕ್ರಿಯಾಪದ ಬಾಯಿಪಾಠ ಮಾಡೋದು ಹೇಗೆ ಅಂತ ಕೇಳುವವರಿಗೆ

ಮಂಗಳೂರಿನಲ್ಲಿ ಸ್ಪ್ಯಾನಿಷ್ ಪಾಠ ಹೇಳುತ್ತೇನೆ ಅಂದ ಕೂಡಲೇ ಪ್ರಶ್ನೆ ಒಂದೇ: "ಒಂದೊಂದು ಕ್ರಿಯಾಪದಕ್ಕೆ ಅಷ್ಟೊಂದು ರೂಪ ಅಂತೆ, ಹೇಗೆ ಮಾರಾಯ್ರೆ ಬಾಯಿಪಾಠ ಮಾಡೋದು?"

ಮಾಡಬೇಡಿ. ಅಷ್ಟೇ ಉತ್ತರ.

ಆ "ಅಷ್ಟೊಂದು" ಕೇಳಿದರೆ ನನಗೆ ರೇಗುತ್ತದೆ. ತಿನ್ನುತ್ತೇನೆ, ತಿನ್ನುತ್ತೀಯ, ತಿನ್ನುತ್ತಾನೆ, ತಿನ್ನುತ್ತೇವೆ ಅಂತ ದಿನವಿಡೀ ಹೇಳುವವರು ನೀವೇ ಅಲ್ವಾ? ಸ್ಪ್ಯಾನಿಷ್‌ನಲ್ಲಿ ಅದೇ ಕೊಮೊ, ಕೊಮೆಸ್, ಕೊಮೆ, ಕೊಮೇಮೊಸ್. ಅವರು ತಿನ್ನುತ್ತಾರೆ ಅನ್ನಲು ಕೊಮೆನ್. "ನೀವೆಲ್ಲ" ಅನ್ನಲು ಸ್ಪೇನಿನವರಿಗೆ ಕೊಮೇಯಿಸ್ ಅಂತ ಇನ್ನೊಂದುಂಟು, ಮೆಕ್ಸಿಕೊದಲ್ಲಿ ಅದಕ್ಕೂ ಕೊಮೆನ್ನೇ ಸಾಕು. "ನಾನು" ಅಂತ ಬೇರೆ ಹೇಳಬೇಕಾಗಿಲ್ಲ, ನಮ್ಮಲ್ಲಿ ಹೇಗೋ ಹಾಗೆ. ನಿಯಮದಂತೆ ನಡೆಯುವ ಕ್ರಿಯಾಪದಗಳಲ್ಲಿ ಆರ್, ಏರ್, ಈರ್ ಅಂತ ಕೊನೆಯಾಗುವ ಮೂರೇ ಗುಂಪು. ಭೂತಕಾಲಕ್ಕೆ ಹೋದರೆ ಏರ್ ಮತ್ತು ಈರ್ ಗುಂಪಿಗೆ ಕೊನೆ ಒಂದೇ. ತಿಂದೆ ಅಂದರೆ ಕೊಮೀ, ಬದುಕಿದೆ ಅಂದರೆ ಬಿವೀ.

ಉಡುಪಿಯಿಂದ ಬರುತ್ತಿದ್ದ ಒಬ್ಬಳು ಹುಡುಗಿ ಇಡೀ ಪಟ್ಟಿಯನ್ನು ಮಗ್ಗಿಯ ಹಾಗೆ ಒಪ್ಪಿಸಿದಳು. "ಕೆ ಕೊಮಿಸ್ತೆ ಆಯೇರ್?" ಅಂದೆ. ನಿನ್ನೆ ಎಂತ ತಿಂದೆ ಅಂತ. ಅವಳು ತುಟಿ ಅಲ್ಲಾಡಿಸುತ್ತಾ ಪಟ್ಟಿಯನ್ನು ಮೊದಲಿನಿಂದ ಹೇಳಿಕೊಂಡಳು. ಆಮೇಲೆ "ಕೊಮಿಸ್ತೆ ನೀರುದೋಸೆ" ಅಂದಳು. ನೀನು ನೀರುದೋಸೆ ತಿಂದೆ ಅಂತಾಯಿತು. ಕನ್ನಡದಲ್ಲಿ ನಾನೂ ತಿಂದೆ, ನೀನೂ ತಿಂದೆ. ಸ್ಪ್ಯಾನಿಷ್‌ನಲ್ಲಿ ನನ್ನದು ಕೊಮೀ, ನಿನ್ನದು ಕೊಮಿಸ್ತೆ. ಎಡವುವುದು ಇಲ್ಲಿ ಅಂತ ಮೊದಲೇ ಹೇಳಿಕೊಡದೆ ಸುಮ್ನೆ ಪಟ್ಟಿ ಕೊಟ್ಟವರ ಮೇಲೆ ನನಗೆ ಸಿಟ್ಟು.

ಬಾಯಿಗೆ ಜಾಸ್ತಿ ಅಭ್ಯಾಸ ಬೇಕಾದದ್ದು ಒತ್ತಿಗೆ. ಆಬ್ಲೊ ಅನ್ನುವಾಗ ಒತ್ತು ಮೊದಲಿಗೆ ಬಿದ್ದರೆ "ಮಾತಾಡುತ್ತೇನೆ". ಕೊನೆಗೆ ಬಿದ್ದರೆ ಅದು ಆಬ್ಲೋ, "ಅವನು ಮಾತಾಡಿದ". ಆಳೂ ಬದಲು, ಕಾಲವೂ ಬದಲು.

ಆದರೆ ಒಬ್ಬರಾದರೂ ಕೇಳಲಿ ಅಂತ ನಾನು ಕಾಯುವ ಪ್ರಶ್ನೆ ಬೇರೆ: ಸ್ಪ್ಯಾನಿಷ್‌ಗೆ ಎರಡು ಭೂತಕಾಲ ಯಾಕೆ? ನಿನ್ನೆ ಪತ್ರೊಡೆ ತಿಂದೆ, ಇದು ಕೊಮೀ. ಆಟಿಯಲ್ಲಿ ಅಜ್ಜಿಮನೆಗೆ ಹೋದಾಗೆಲ್ಲ ಪತ್ರೊಡೆ ತಿನ್ನುತ್ತಿದ್ದೆ, ಇದು ಕೊಮೀಯ. ಇಂಗ್ಲಿಷ್‌ನಲ್ಲಿ ಎರಡಕ್ಕೂ "ಏಟ್" ನಡೆಯುತ್ತದೆ. ಹಾಗಾಗಿ ಇಂಗ್ಲಿಷ್ ಪುಸ್ತಕ ಹಿಡಿದು ಕಲಿತವರು ಇಲ್ಲಿ ವರ್ಷಗಟ್ಟಲೆ ತಡವರಿಸುತ್ತಾರೆ. ಕನ್ನಡದಲ್ಲಿ ಯೋಚಿಸಿದವರಿಗೆ ಅರ್ಧ ಕೆಲಸ ಮುಗಿದೇ ಇರುತ್ತದೆ.

ಪಟ್ಟಿ ಬದಿಗಿಡಿ. ನಿನ್ನೆ ಏನೇನು ಮಾಡಿದಿರಿ, ಚಿಕ್ಕವರಿದ್ದಾಗ ಏನೇನು ಮಾಡುತ್ತಿದ್ದಿರಿ, ಜೋರಾಗಿ ಹೇಳಿ. ಸಿಕ್ಕಿಬಿದ್ದಲ್ಲಿ ಕೇಳಿ, ಎಷ್ಟು ಹೊತ್ತಾದರೂ ಹೇಳಿಕೊಡುತ್ತೇನೆ.