ಪ್ರೊಜೆಕ್ಟರ್ ಇರುವ ಕ್ಲಾಸು, 40 ನಿಮಿಷದ ಪೀರಿಯಡ್ಡು

ದಾನಿಗಳು ಶಾಲೆಗೆ ಟಿವಿ ಕೊಡಿಸಲು ಮುಂದೆ ಬಂದರೆ ಮೊದಲು ಟೇಪು ಹಿಡಿದು ಕೊನೇ ಬೆಂಚಿನ ದೂರ ಅಳೆಯಿರಿ. ಪರದೆಯ ಎತ್ತರದ ಆರು ಪಟ್ಟು ದೂರದವರೆಗೆ ಅಕ್ಷರ ಸಲೀಸಾಗಿ ಓದಬಹುದು ಅನ್ನೋದು ಅಂದಾಜಿನ ಲೆಕ್ಕ. 43 ಇಂಚಿನ ಟಿವಿಯ ಎತ್ತರ ಸುಮಾರು 53 ಸೆಂ.ಮೀ. ಅಂದರೆ ಮೂರು ಮೀಟರ್ ಚಿಲ್ಲರೆ ದೂರ. 20 ಅಡಿ ಉದ್ದದ ಕೊಠಡಿಯಲ್ಲಿ ಅದು ಅರ್ಧಕ್ಕೇ ಮುಗಿಯಿತು. ಹಿಂದೆ ಕೂತವರಿಗೆ ಬಣ್ಣ ಮಾತ್ರ ಕಾಣುತ್ತದೆ. ಅದರ ಬದಲು ಪ್ರೊಜೆಕ್ಟರಿನಲ್ಲಿ 2 ಮೀಟರ್ ಅಗಲದ ಚಿತ್ರ ಬಿಟ್ಟರೆ ಎತ್ತರ 1.25 ಮೀಟರ್ ಬರುತ್ತದೆ, ಏಳೂವರೆ ಮೀಟರಿನವರೆಗೆ ಓದಬಹುದು. ಸಾಮಾನ್ಯ ಪ್ರೊಜೆಕ್ಟರಾದರೆ ಅಷ್ಟು ಅಗಲಕ್ಕೆ ಗೋಡೆಯಿಂದ ಸುಮಾರು 3 ಮೀಟರ್ ಹಿಂದೆ ಇಡಬೇಕಾಗುತ್ತದೆ.

ಗೋಡೆಗೆ ಆಯಿಲ್ ಪೇಂಟ್ ಹೊಡೆಸಿದ್ದರೆ ನಡುವೆ ಒಂದು ಕಡೆ ಕಣ್ಣು ಕುಕ್ಕುತ್ತದೆ. ಮಿಂಚದ ಬಿಳಿ ಡಿಸ್ಟೆಂಪರ್ ಸಾಕು. ಕಿಟಕಿಗಳನ್ನೆಲ್ಲ ಮುಚ್ಚಿದರೆ ಮಕ್ಕಳು ಬೆವರುತ್ತಾರೆ, ನೋಟ್ಸ್ ಬರೆಯಲೂ ಆಗುವುದಿಲ್ಲ. ಪರದೆಗೆ ಹತ್ತಿರದ ಎರಡು ಕಿಟಕಿಗಳಿಗೆ ದಪ್ಪ ಕಪ್ಪು ಬಟ್ಟೆ ಕಟ್ಟಿ, ಹಿಂದಿನವನ್ನು ತೆರೆದಿಡಿ.

ಯಂತ್ರ ಹಾಳಾಗುವುದು ಹೆಚ್ಚಾಗಿ ಸೀಮೆಸುಣ್ಣದ ಪುಡಿಯಿಂದ. ಫಿಲ್ಟರಿನಲ್ಲಿ ಪುಡಿ ಕಟ್ಟಿದರೆ ಗಾಳಿ ಆಡದೆ ಬಿಸಿಯಾಗಿ, ಪಾಠದ ನಡುವೆ ತಾನಾಗಿಯೇ ಆಫ್ ಆಗುತ್ತದೆ. ತಿಂಗಳಿಗೊಮ್ಮೆ ಫಿಲ್ಟರ್ ತೆಗೆದು ಮೆತ್ತನೆ ಬ್ರಷ್ಷಿನಿಂದ ಕೊಡವಿ. ಡಸ್ಟರನ್ನು ಅದರ ಹತ್ತಿರ ತಟ್ಟಬೇಡಿ. ಲ್ಯಾಂಪ್ ಇರುವ ಮಾದರಿಯಾದರೆ ಸ್ವಿಚ್ ಒತ್ತಿದ ಮೇಲೂ ಫ್ಯಾನ್ ಒಂದೆರಡು ನಿಮಿಷ ತಿರುಗುತ್ತದೆ. ನಿಲ್ಲುವ ಮೊದಲೇ ಪ್ಲಗ್ ಕಿತ್ತರೆ ಲ್ಯಾಂಪಿನ ಆಯಸ್ಸು ಕಡಿಮೆಯಾಯಿತು ಅಂತಲೇ. ಕರೆಂಟು ಹೋದಾಗ ಆಗುವುದೂ ಇದೇ. ಹಾಗಾಗಿ ಸಣ್ಣ ಯುಪಿಎಸ್ ಇರಲಿ. ಅದು ಪಾಠ ಮುಂದುವರಿಸುವುದಕ್ಕಲ್ಲ, ಲ್ಯಾಂಪ್ ತಣ್ಣಗಾಗುವುದಕ್ಕೆ. ಪಾಠಕ್ಕೆ ಬೋರ್ಡ್ ಇದ್ದೇ ಇದೆ.

ಇನ್ನು ಕನ್ನಡ ಮೇಷ್ಟ್ರುಗಳ ತಲೆನೋವು, ನುಡಿ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶ. ಹತ್ತು ವರ್ಷದ ಪ್ರಶ್ನೆಪತ್ರಿಕೆ, ಟಿಪ್ಪಣಿ ಎಲ್ಲ ಹಳೆಯ ನುಡಿ ಫಾಂಟಿನಲ್ಲಿ ಇರುತ್ತವೆ. ಶಾಲೆಯ ಲ್ಯಾಪ್‌ಟಾಪಿನಲ್ಲೋ ಫೋನಿನಲ್ಲೋ ತೆರೆದರೆ ಸೊಟ್ಟ ಕೊಂಬು ಹೊತ್ತ ಇಂಗ್ಲಿಷ್ ಅಕ್ಷರಗಳ ಸಾಲು. ಫೈಲ್ ಕೆಟ್ಟಿರುವುದಿಲ್ಲ. ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಆ ಫಾಂಟ್ ಇಲ್ಲದ ಯಂತ್ರ ಇಂಗ್ಲಿಷನ್ನೇ ತೋರಿಸುತ್ತದೆ. ಪರಿಹಾರ ಯೂನಿಕೋಡಿಗೆ, ಅಂದರೆ ಎಲ್ಲ ಯಂತ್ರಗಳೂ ಒಂದೇ ರೀತಿ ಓದುವ ಅಕ್ಷರ ಸಂಕೇತಕ್ಕೆ, ಪರಿವರ್ತಿಸುವುದು. ಆದರೆ ಇಡೀ ಫೈಲನ್ನು ಒಂದೇ ಸಲ ಪರಿವರ್ತಕಕ್ಕೆ ಸುರಿಯಬೇಡಿ. ನಡುವೆ ಇರುವ ನಿಜವಾದ ಇಂಗ್ಲಿಷ್ ಪದ, ಸೂತ್ರಗಳನ್ನೂ ಅದು ಕನ್ನಡವೆಂದೇ ತಿಳಿದು ಅರ್ಥವಿಲ್ಲದ ಅಕ್ಷರ ಮಾಡಿಬಿಡುತ್ತದೆ. ವಿಜ್ಞಾನ, ಗಣಿತದವರು ಪ್ಯಾರಾ ಪ್ಯಾರಾ ತೆಗೆದುಕೊಂಡು, ಸೂತ್ರಗಳನ್ನು ಕೈಯಲ್ಲೇ ಮತ್ತೆ ಹೊಡೆಯುವುದು ಕ್ಷೇಮ. ಅರ್ಕಾವೊತ್ತು ಬರುವ ಪದಗಳನ್ನು ಕಣ್ಣಾರೆ ನೋಡಿ. ಹೊಸದಾಗಿ ಟೈಪ್ ಮಾಡುವಾಗ ನುಡಿಯ ಕೀಲಿಮಣೆಯನ್ನೇ ಬಳಸಬಹುದು, ಯೂನಿಕೋಡ್ ಆಯ್ಕೆ ಮಾಡಿಕೊಂಡರಾಯಿತು. ಬೆರಳಿನ ಅಭ್ಯಾಸ ಬದಲಿಸಬೇಕಿಲ್ಲ. ಸ್ಲೈಡಿನಲ್ಲಿ ಅಕ್ಷರ 32ಕ್ಕಿಂತ ಚಿಕ್ಕದು ಬೇಡ. ಸಾಲುಗಳ ನಡುವೆ ಜಾಗ ಜಾಸ್ತಿ ಬಿಡಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ.

ಕ್ಲಾಸಿನಲ್ಲಿ ಇಂಟರ್ನೆಟ್ಟನ್ನು ನಂಬಬೇಡಿ. ಪಠ್ಯಪುಸ್ತಕದ ಕ್ಯೂಆರ್ ಕೋಡನ್ನು ಹಿಂದಿನ ಸಂಜೆಯೇ ದೀಕ್ಷಾ ಆ್ಯಪಿನಲ್ಲಿ ಸ್ಕ್ಯಾನ್ ಮಾಡಿ ವಿಡಿಯೊ ಇಳಿಸಿಕೊಳ್ಳಿ. ಮುದ್ರಣ ಮಸುಕಾಗಿ ಸ್ಕ್ಯಾನ್ ಆಗದಿದ್ದರೆ ಕೋಡಿನ ಜೊತೆ ಅಚ್ಚಾಗಿರುವ ಆರು ಅಕ್ಷರಗಳನ್ನು ಟೈಪ್ ಮಾಡಿದರೂ ನಡೆಯುತ್ತದೆ. ಎಚ್‌ಡಿಎಂಐ ಕೇಬಲ್ ಸಿಕ್ಕಿಸಿದೊಡನೆ ಸದ್ದು ನಿಮ್ಮ ಸ್ಪೀಕರ್ ಬಿಟ್ಟು ಪ್ರೊಜೆಕ್ಟರಿಗೆ ಹೋಗಿರಬಹುದು. ಲ್ಯಾಪ್‌ಟಾಪಿನ ಕೆಳಮೂಲೆಯ ಸ್ಪೀಕರ್ ಚಿಹ್ನೆ ಒತ್ತಿ ಬದಲಿಸಿ.

ಇಷ್ಟೆಲ್ಲ ಮಾಡಿ ವಿಡಿಯೊ ಹಾಕಿ ಕೂತರೆ ಸಿನಿಮಾ ಆಯಿತು. ಹತ್ತನೇ ತರಗತಿಯ ವಿದ್ಯುಚ್ಛಕ್ತಿ ಪಾಠವನ್ನೇ ತೆಗೆದುಕೊಳ್ಳಿ. ಕೊಲರಾಡೊ ವಿಶ್ವವಿದ್ಯಾಲಯದ ಫೆಟ್ ಸಿಮ್ಯುಲೇಶನ್ನುಗಳು, ಅಂದರೆ ಪರದೆಯ ಮೇಲೆ ನಾವೇ ಮಾಡಿ ನೋಡಬಹುದಾದ ಪ್ರಯೋಗಗಳು, ಉಚಿತ, ಹಲವಕ್ಕೆ ಕನ್ನಡ ಅನುವಾದವೂ ಇದೆ. ಒಂದೇ ಫೈಲಾಗಿ ಇಳಿಸಿ ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡರೆ ಬ್ರೌಸರಿನಲ್ಲಿ ನೆಟ್ ಇಲ್ಲದೆಯೂ ನಡೆಯುತ್ತವೆ. ನೇರ ವಿದ್ಯುತ್ತಿನ ಮಂಡಲ ಕಟ್ಟುವ ಸಿಮ್ಯುಲೇಶನ್ ತೆರೆದು, 10 ಓಮ್ ರೋಧಕ, ಬ್ಯಾಟರಿ, ಅಮ್ಮೀಟರ್ ಜೋಡಿಸಿ. ಪುಸ್ತಕದ ಚಟುವಟಿಕೆಯಲ್ಲಿ 1.5 ವೋಲ್ಟಿನ ನಾಲ್ಕು ಕೋಶಗಳನ್ನು ಒಂದೊಂದಾಗಿ ಸೇರಿಸುವುದಿದೆಯಲ್ಲ, ಹಾಗೆಯೇ 1.5, 3, 4.5, 6 ವೋಲ್ಟ್ ಏರಿಸುತ್ತ ಹೋದರೆ 0.15, 0.30, 0.45, 0.60 ಆಂಪಿಯರ್ ಬರುತ್ತದೆ. ಮೌಸ್ ಒಬ್ಬ ವಿದ್ಯಾರ್ಥಿಯ ಕೈಲಿರಲಿ, ನೀವು ಹಿಂದೆ ನಿಲ್ಲಿ. ಕೋಷ್ಟಕವನ್ನು ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲೇ ಬರೆಸಿ. ಪರದೆಯ ಮೇಲಿನದು ಮುಂದಿನ ಕ್ಲಿಕ್ಕಿಗೆ ಮಾಯವಾಗುತ್ತದೆ.

ಆಮೇಲೆ 6 ವೋಲ್ಟಿಗೇ ನಿಲ್ಲಿಸಿ, ಇನ್ನೊಂದು 10 ಓಮ್ ರೋಧಕವನ್ನು ಸಮಾಂತರವಾಗಿ ಸೇರಿಸಿದರೆ ಒಟ್ಟು ವಿದ್ಯುತ್ ಹೆಚ್ಚೋ ಕಡಿಮೆಯೋ? ಜೋಡಿಸುವ ಮೊದಲು ಉತ್ತರವನ್ನು ನೋಟ್‌ಬುಕ್ಕಿನಲ್ಲಿ ಬರೆಸಿ, ಕೈ ಎತ್ತಿಸಿ ಎಣಿಸಿ. ರೋಧಕ ಜಾಸ್ತಿಯಾದರೆ ವಿದ್ಯುತ್ ಕಡಿಮೆ ಅನ್ನುವವರು ಇದ್ದೇ ಇರುತ್ತಾರೆ. 1.20 ಬಂದಾಗ ಆಗುವ ಗದ್ದಲಕ್ಕೆ ಐದು ನಿಮಿಷ ಬಿಡಿ. ಪ್ರೊಜೆಕ್ಟರ್ ತಂದದ್ದಕ್ಕೆ ಸಾರ್ಥಕವಾಗುವುದು ಅಲ್ಲೇ.

ಇಲ್ಲೊಂದು ಎಡವಟ್ಟಿದೆ. ಸಿಮ್ಯುಲೇಶನ್ ತೆರೆದಾಗ ಹರಿಯುವ ನೀಲಿ ಗುಂಡುಗಳು ಎಲೆಕ್ಟ್ರಾನುಗಳು, ಅವು ಋಣದಿಂದ ಧನದ ಕಡೆ ಹೋಗುತ್ತವೆ. ಪುಸ್ತಕದ ಬಾಣ ಧನದಿಂದ ಋಣಕ್ಕೆ. ಮೊದಲೇ ಹೇಳದಿದ್ದರೆ ಚುರುಕಾದ ಮಗುವೇ ತಪ್ಪು ಬರೆಯುತ್ತದೆ. ಆಯ್ಕೆಯಲ್ಲಿ ಸಾಂಪ್ರದಾಯಿಕ ದಿಕ್ಕಿಗೆ ಬದಲಿಸಿ ಎರಡನ್ನೂ ತೋರಿಸಿ.

ಪರದೆಯ ಅಂಕಿಗಳು ಅತಿ ಸಾಚಾ, ಏಕೆಂದರೆ ಅಲ್ಲಿನ ಬ್ಯಾಟರಿಗೆ ಆಂತರಿಕ ರೋಧ ಶೂನ್ಯ. ಮೇಜಿನ ಮೇಲೆ ನಿಜವಾದ ನಾಲ್ಕು ಸೆಲ್ಲು, ಅರ್ಧ ಮೀಟರ್ ನೈಕ್ರೋಮ್ ತಂತಿ, ಮೀಟರುಗಳನ್ನು ಇಟ್ಟಿರಿ. ಸೆಲ್ಲು ಹಳೆಯದಾದರೆ, ಜೋಡಣೆ ಸಡಿಲವಾದರೆ ಅಂಕಿಗಳು ನೇರ ಗೆರೆಯ ಮೇಲೆ ಕೂರುವುದಿಲ್ಲ. ಬೋರ್ಡಿನ ಕೋಷ್ಟಕದ ಪಕ್ಕ ಇನ್ನೊಂದು ಕಾಲಂ ಎಳೆದು ಅವನ್ನೂ ಬರೆಸಿ, ಎರಡಕ್ಕೂ ಒಂದೇ ಗ್ರಾಫ್ ಹಾಳೆ ಕೊಡಿ.