ಅಮ್ಮನ ಹೊಟ್ಟೆಯುಬ್ಬರಕ್ಕೆ ಊದಿ ನೋಡೋ ಟೆಸ್ಟು

ಟೆಸ್ಟಿನ ಹಿಂದಿನ ರಾತ್ರಿ ಬರೀ ಬಿಳಿ ಅನ್ನ ಉಪ್ಪು ಸಾಕು, ಬೇಳೆ ತರಕಾರಿ ಹಾಲು ಹಣ್ಣು ಯಾವ್ದೂ ಬೇಡ ಅಂತ ಡಾಕ್ಟ್ರು ಹೇಳಿದಾಗ ಅಮ್ಮ ಸುಮ್ನೆ ತಲೆ ಆಡಿಸಿದ್ಲು, ಬೆಳಿಗ್ಗೆ ಕವಳನೂ ಹಾಕ್ಬಾರ್ದು ಅಂದಾಗ ಮಾತ್ರ ಮುಖ ಸಣ್ಣ ಆಯ್ತು.

ವರ್ಷಗಳಿಂದ ಅವ್ಳಿಗೆ ಹೊಟ್ಟೆ ಉಬ್ಬರ, ಗುಡುಗುಡು, ಒಂದೊಂದ್ಸಲ ಭೇದಿ. ಎಲ್ರೂ ಗ್ಯಾಸ್ಟ್ರಿಕ್ ಅಂದ್ರು, ಮಾತ್ರೆ ನುಂಗಿದ್ಲು, ಓಂಕಾಳು ಕಷಾಯ ಕುಡಿದ್ಲು, ಕೊನೆಗೆ ಮದುವೆಮನೆ ಊಟಕ್ಕೆ ಹೋಗೋದೇ ಬಿಟ್ಲು. ನಂಗೆ ತುಂಬಾ ನೋವಾಗಿದ್ದು ಅದೇ.

ತೀರ್ಥಹಳ್ಳಿಯಿಂದ ಬೆಳಿಗ್ಗೆ ಬೇಗ ಬಸ್ ಹತ್ತಿ, ಮಂಡಗದ್ದೆ ಗಾಜನೂರು ದಾಟಿ ಶಿವಮೊಗ್ಗ ಸೇರಿದ್ವಿ, ಅಮ್ಮ ಖಾಲಿ ಹೊಟ್ಟೇಲೇ. ಮೊದ್ಲು ಒಂದ್ಸಲ ಉಸಿರಲ್ಲಿರೋ ಹೈಡ್ರೋಜನ್ ಅಳೆಯೋ ಮೆಷಿನ್‌ಗೆ ಊದಿಸಿದ್ರು, ನಾಲ್ಕೋ ಐದೋ ಬಂತು. ಆಮೇಲೆ 25 ಗ್ರಾಂ ಲ್ಯಾಕ್ಟೋಸ್ ಅಂದ್ರೆ ಹಾಲಿನ ಸಕ್ಕರೆ ನೀರಲ್ಲಿ ಕಲಸಿ ಕೊಟ್ರು, ಸುಮಾರು ಅರ್ಧ ಲೀಟರ್ ಹಾಲಲ್ಲಿ ಇರೋವಷ್ಟು. ಅದಾದ್ಮೇಲೆ ಅರ್ಧರ್ಧ ಗಂಟೆಗೆ ಊದ್ತಾ ಮೂರು ಗಂಟೆ ಕೂರ್ಬೇಕು, ನಿದ್ದೆ ಮಾಡಂಗಿಲ್ಲ, ಓಡಾಡಂಗಿಲ್ಲ.

ನರ್ಸಮ್ಮ ಪಾಪ ಎಷ್ಟು ಚೆನ್ನಾಗಿ ಬಿಡಿಸಿ ಹೇಳಿದ್ರು ಗೊತ್ತಾ. ನಮ್ಮ ದೇಹದ ಜೀವಕೋಶಗಳು ಹೈಡ್ರೋಜನ್ ತಯಾರ್ಸಲ್ಲವಂತೆ, ಸಣ್ಣಕರುಳಲ್ಲಿ ಹಾಲಿನ ಸಕ್ಕರೆ ಮುರಿಯೋ ಲ್ಯಾಕ್ಟೇಸ್ ಅನ್ನೋ ಕಿಣ್ವ ಕಮ್ಮಿ ಇದ್ರೆ ಹಾಲಿನ ಸಕ್ಕರೆ ಜೀರ್ಣ ಆಗ್ದೆ ದೊಡ್ಡಕರುಳಿಗೆ ಇಳಿಯುತ್ತೆ, ಅಲ್ಲಿರೋ ಬ್ಯಾಕ್ಟೀರಿಯಾ ಅದನ್ನ ಹುಳಿಸಿ ಹೈಡ್ರೋಜನ್ ಮಾಡ್ತವೆ, ಅದು ರಕ್ತಕ್ಕೆ ಸೇರಿ ಶ್ವಾಸಕೋಶಕ್ಕೆ ಬಂದು ಉಸಿರಲ್ಲಿ ಹೊರಗೆ ಹೋಗುತ್ತೆ. ಮೊದಲಿನ ಅಳತೆಗಿಂತ 20 ಪಿಪಿಎಂ (ಹತ್ತು ಲಕ್ಷದಲ್ಲಿ 20 ಭಾಗ) ಜಾಸ್ತಿ ಆದ್ರೆ ಪಾಸಿಟಿವ್, ಅಂದ್ರೆ ಹಾಲಿನ ಸಕ್ಕರೆ ಸರಿಯಾಗಿ ಜೀರ್ಣ ಆಗ್ತಿಲ್ಲ ಅಂತ. ಕೆಲವರಲ್ಲಿ ಹೈಡ್ರೋಜನ್ ಬದ್ಲು ಮೀಥೇನ್ ಬರೋದ್ರಿಂದ ಎರಡನ್ನೂ ಅಳೆದ್ರೆ ಒಳ್ಳೇದು ಅಂದ್ರು.

ಮೊದಲ ಒಂದು ಗಂಟೆ ನಂಬರ್ ಅಲ್ಲಾಡ್ಲೇ ಇಲ್ಲ. ಎರಡು ಗಂಟೆ ಹತ್ರ ಅಮ್ಮ ನನ್ನ ಕೈ ಹಿಡ್ಕೊಂಡು "ಶುರುವಾಯ್ತು ಕಣೋ, ಅದೇ ಗುಡುಗುಡು" ಅಂದ್ಲು, ಊದಿದ್ರೆ ಐವತ್ತು ದಾಟಿತ್ತು. ಇಷ್ಟು ದಿನ ಅವ್ಳು ಹೇಳ್ತಿದ್ದಿದ್ದಕ್ಕೆ ಒಂದು ಸಾಕ್ಷಿ ಸಿಕ್ತಲ್ಲ ಅಂತ ನಂಗೆ ಕಣ್ಣು ತುಂಬಿಬಂತು.

ಹಾಲು ಪೂರ್ತಿ ಬಿಡ್ಬೇಕಾಗಿಲ್ಲ ಅಂದ್ರು ಡಾಕ್ಟ್ರು. ಕಾಫಿಗೆ ಸ್ವಲ್ಪ ಪರ್ವಾಗಿಲ್ಲ, ಲೋಟಗಟ್ಲೆ ಬೇಡ, ಮೊಸರು ಮಜ್ಜಿಗೇಲಿ ಸಕ್ಕರೆ ಒಂದಷ್ಟು ಆಗ್ಲೇ ಮುರಿದಿರುತ್ತೆ, ಸಾಮಾನ್ಯವಾಗಿ ಹೊಟ್ಟೆ ತಡ್ಕೊಳ್ಳುತ್ತೆ. ಹಂಗಾಗಿ ಒಂದೆಲಗದ ತಂಬ್ಳಿ ಉಳೀತು, ಸದ್ಯ!

ಚಿಕ್ಕಮ್ಮಂದು ಬೇರೆ ಕಥೆ, ಹೊಟ್ಟೆ ಉರಿ. ಅವ್ಳಿಗೆ ಎಚ್ ಪೈಲೋರಿ ಅನ್ನೋ ಹೊಟ್ಟೆಯ ಬ್ಯಾಕ್ಟೀರಿಯಾ ಇದ್ಯಾ ಅಂತ ನೋಡೋಕೆ ಯೂರಿಯಾ ಕೊಟ್ಟು ಊದಿಸೋ ಟೆಸ್ಟ್ ಬರೆದಿದ್ದಾರೆ. ಹೊಟ್ಟೆಯ ಆಸಿಡ್‌ನಲ್ಲಿ ಯಾವ ಹುಳ ಬದುಕುತ್ತೋ ಅಂತ ಕೇಳಿದ್ಲು. ಆಸ್ಟ್ರೇಲಿಯಾದ ಡಾಕ್ಟ್ರು ಬ್ಯಾರಿ ಮಾರ್ಷಲ್ 1984ರಲ್ಲಿ ಆ ಬ್ಯಾಕ್ಟೀರಿಯಾನ ತಾನೇ ಕುಡಿದು ಹೊಟ್ಟೆ ಕೆಡಿಸ್ಕೊಂಡು ತೋರ್ಸಿದ್ದು, 2005ರಲ್ಲಿ ರಾಬಿನ್ ವಾರೆನ್ ಜೊತೆ ನೊಬೆಲ್ ಬಂದಿದ್ದು ಎಲ್ಲಾ ಹೇಳ್ದೆ. ಆದ್ರೆ ಅವ್ಳು ಜ್ವರಕ್ಕೆ ಆಂಟಿಬಯಾಟಿಕ್ ತಗೊಳ್ತಿದ್ಲು, ಅದು ಮುಗಿದು ನಾಲ್ಕು ವಾರ ಆಗ್ಬೇಕು, ಗ್ಯಾಸ್ಟ್ರಿಕ್ ಮಾತ್ರೆನೂ ಎರಡು ವಾರ ಮುಂಚೆ ನಿಲ್ಸಬೇಕು, ಇಲ್ಲಾಂದ್ರೆ ರೋಗ ಇದ್ರೂ ಇಲ್ಲ ಅಂತ ಬರಬಹುದು. ಅದಕ್ಕೆ ಡೇಟ್ ಮುಂದಕ್ಕೆ ಹಾಕ್ಸಿದೀನಿ, ಕರ್ಕೊಂಡು ಹೋಗೋದು ನಾನೇ.